ಕರೆಯುವವರ ಬಾಯಲ್ಲಿರುವ ಹೆಸರು

ಹತ್ತು ವರ್ಷದ ಹುಡುಗಿಯೊಬ್ಬಳು ಕೆಲಸ ಬೇಡಿಕೊಂಡು ಸ್ನಾನಗೃಹದ ಒಡತಿಯ ಮುಂದೆ ನಿಂತಿದ್ದಾಳೆ. ಕರಾರುಪತ್ರಕ್ಕೆ ಸಹಿ ಹಾಕುತ್ತಾಳೆ. ಒಡತಿ ಕೈ ಚಾಚಿದ ಕೂಡಲೇ ಕಾಗದದ ಮೇಲಿನ ಅಕ್ಷರಗಳು ಎದ್ದು ಬಂದು ಅವಳ ಮುಷ್ಟಿ ಸೇರುತ್ತವೆ. ಚಿಹಿರೊ ಎಂಬ ಹುಡುಗಿ ಆ ಗಳಿಗೆಯಿಂದ ಬರೀ ಸೆನ್. ಜಪಾನಿನ ಹಯಾವೊ ಮಿಯಾಝಾಕಿ 2001ರಲ್ಲಿ ಮಾಡಿದ ‘ಸ್ಪಿರಿಟೆಡ್ ಅವೇ’ ಎಂಬ ಆನಿಮೇಷನ್ ಚಿತ್ರದ ದೃಶ್ಯವಿದು. 2002ರಲ್ಲಿ ಬರ್ಲಿನ್ ಚಿತ್ರೋತ್ಸವದ ಚಿನ್ನದ ಕರಡಿ, ಮರುವರ್ಷ ಆಸ್ಕರ್ ಪಡೆದ ಈ ಚಿತ್ರದ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ಹೆಸರು ಕಳೆದುಕೊಂಡವರು ತಮ್ಮನ್ನೇ ಕಳೆದುಕೊಳ್ಳುತ್ತಾರೆ, ಆದ್ದರಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಈ ಓದು ಅರ್ಧ ಮಾತ್ರ ಸರಿ ಅಂತ ನನಗನ್ನಿಸುತ್ತದೆ. ಆ ಚಿತ್ರದಲ್ಲಿ ಯಾರೂ ತಮ್ಮ ಹೆಸರನ್ನು ತಾವೇ ಉಳಿಸಿಕೊಳ್ಳುವುದಿಲ್ಲ. ಚಿಹಿರೊ ತನ್ನ ಹೆಸರು ಮರೆಯತೊಡಗಿದಾಗ ಕೈಗೆ ಸಿಗುವುದು ಗೆಳತಿ ಬರೆದುಕೊಟ್ಟಿದ್ದ ಬೀಳ್ಕೊಡುಗೆಯ ಚೀಟಿ. ಹಾಕು ಎಂಬ ಹುಡುಗನಿಗೆ ತನ್ನ ಹೆಸರು ಮರೆತೇಹೋಗಿದೆ, ಅವಳದು ಮಾತ್ರ ನೆನಪಿದೆ. ಅವನು ಒಂದು ಹೊಳೆ, ಆ ಹೊಳೆಗೆ ಕೊಹಾಕು ಅನ್ನುತ್ತಿದ್ದರು ಎಂದು ಹೇಳಿ ಅವನನ್ನು ಅವನಿಗೆ ತಿರುಗಿ ಕೊಡುವವಳು ಆಕೆ. ಒಬ್ಬರ ಹೆಸರಿನ ಬೀಗದ ಕೈ ಇನ್ನೊಬ್ಬರ ಸೆರಗಿನ ಗಂಟಿನಲ್ಲಿದೆ.

ಕೊಪ್ಪಳ ಸೀಮೆಯವರಿಗೆ ಈ ಕಥೆ ಹೊಸದಲ್ಲ. ನಮ್ಮಲ್ಲಿ ಅದು ಗಂಗಾವತಿ ತಾಲ್ಲೂಕಿನ ಗುಡ್ಡದ ಮೇಲೆಯೇ ಇದೆ. ಆನೆಗೊಂದಿಯ ಹತ್ತಿರದ ಅಂಜನಾದ್ರಿಗೆ 575 ಮೆಟ್ಟಿಲು ಹತ್ತಿ ಹೋಗುವ ಜನ ಅಲ್ಲಿ ಅಂಜನಾದೇವಿಯ ಮಗ ಹುಟ್ಟಿದ ಎಂದು ನಂಬುತ್ತಾರೆ. ಸುತ್ತಲಿನ ನೆಲವೇ ಕಿಷ್ಕಿಂಧೆ. 2005ರಲ್ಲಿ ವಿ.ಜಿ. ಸಾಮಂತ್ ನಿರ್ದೇಶನದ ‘ಹನುಮಾನ್’ ಎಂಬ ಆನಿಮೇಷನ್ ಚಿತ್ರ ಬಂದಾಗ ನಮ್ಮ ಕಡೆಯ ಹುಡುಗರಿಗೆ ಅದು ಊರ ಹುಡುಗನ ಕಥೆ. ಸೂರ್ಯನನ್ನು ಹಣ್ಣೆಂದು ಹಾರಿದ ಕೂಸು, ಇಂದ್ರನ ವಜ್ರಾಯುಧದ ಪೆಟ್ಟು, ಮುರಿದ ದವಡೆ, ಅಂದರೆ ಹನು. ನಾಯಕನ ಹೆಸರೇ ಒಂದು ಗಾಯದ ಗುರುತು. ಅದಾದ ಮೇಲೆ ತುಂಟಾಟ ತಾಳಲಾರದ ಋಷಿಗಳು ಶಾಪ ಕೊಡುತ್ತಾರೆ: ನಿನ್ನ ಬಲ ನಿನಗೆ ಮರೆಯಲಿ, ಯಾರಾದರೂ ನೆನಪಿಸುವ ತನಕ. ಕಡಲ ದಂಡೆಯಲ್ಲಿ ಎಲ್ಲರೂ ಕೈಚೆಲ್ಲಿ ಕೂತಾಗ ಮುದುಕ ಜಾಂಬವಂತ ಎದ್ದು, ನೀನು ಯಾರ ಮಗ, ಏನು ಮಾಡಿದವನು ಎಂದು ಒಂದೊಂದಾಗಿ ಹೇಳುತ್ತಾನೆ. ಹುಡುಗ ಬೆಳೆಯುತ್ತಾನೆ, ಅಕ್ಷರಶಃ. ವಾಲ್ಮೀಕಿ ರಾಮಾಯಣದಲ್ಲಿ ಜಾಂಬವಂತನ ಈ ಪ್ರಸಂಗ ಬರುವುದು ಕಿಷ್ಕಿಂಧಾ ಕಾಂಡದ ಕೊನೆಗೆ. ಹುಡುಗತನ ದಾಟುವ ಕಥೆಗಳಲ್ಲಿ ನಾಯಕ ತನ್ನೊಳಗೇ ಹುಡುಕಿ ತನ್ನನ್ನು ಕಂಡುಕೊಳ್ಳಬೇಕು ಎಂದು ಈಗಿನವರು ಬಯಸುತ್ತಾರೆ. ಹನುಮಂತನಿಗೆ ಆ ಸೌಲಭ್ಯವಿರಲಿಲ್ಲ. ಜಾಂಬವಂತ ಬಾಯಿ ಬಿಡದಿದ್ದರೆ ಅವನು ದಂಡೆಯಲ್ಲೇ ಕೂತಿರುತ್ತಿದ್ದ.

ಇಷ್ಟೆಲ್ಲ ನಂಟಿದ್ದರೂ ಜನ್ಮದಾಖಲೆಯ ತಂಟೆ ದೇವರನ್ನೂ ಬಿಟ್ಟಿಲ್ಲ. 2021ರ ರಾಮನವಮಿಯ ದಿನ ತಿರುಮಲ ತಿರುಪತಿ ದೇವಸ್ಥಾನದವರು ತಮ್ಮ ಬೆಟ್ಟದಲ್ಲಿರುವ ಅಂಜನಾದ್ರಿಯೇ ಹನುಮನ ಹುಟ್ಟಿದ ಜಾಗ ಎಂದು ಸಾರಿದರು. ಕಿಷ್ಕಿಂಧೆಯ ಕಡೆಯವರು ಒಪ್ಪಲಿಲ್ಲ. ನಾಸಿಕದ ಹತ್ತಿರದ ಅಂಜನೇರಿಯೂ ತನ್ನ ಹಕ್ಕು ಬಿಟ್ಟುಕೊಟ್ಟಿಲ್ಲ. ಪಂಡಿತರು ಪುರಾಣದ ಶ್ಲೋಕ ಎಣಿಸಿದರು, ಶಾಸನ ತೋರಿಸಿದರು. ಕುಷ್ಟಗಿ ತಾಲ್ಲೂಕಿನ ಹನುಮಸಾಗರದಿಂದ ಗಂಗಾವತಿಯ ತನಕ ಮನೆಗೊಬ್ಬ ಹನುಮಪ್ಪನೋ ಹನುಮವ್ವನೋ ಇರುವ ಜನರಿಗೆ ಈ ವಾದದಿಂದ ಆಗಬೇಕಾದ್ದೇನೂ ಇರಲಿಲ್ಲ.

ನಮ್ಮ ಭಾಗದಲ್ಲಿ ಹೆಸರಿಡುವ ಬಗೆಯನ್ನೇ ಸ್ವಲ್ಪ ನೋಡಬೇಕು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯ ಹತ್ತಿರ ಬಗ್ಗಿ ಹೆಸರು ಹೇಳುತ್ತಾಳೆ. ಅವಳು ಬಗ್ಗಿದ್ದೇ ತಡ, ಸುತ್ತ ನೆರೆದ ಹೆಂಗಸರು ಅವಳ ಬೆನ್ನ ಮೇಲೆ ಗುದ್ದುತ್ತಾರೆ, ನಗೆಯೋ ನಗೆ. ಗುದ್ದು ಜೋರಾದರೆ ಹೆಸರು ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಬಗ್ಗಬೇಕು, ಮತ್ತೆ ಗುದ್ದು. ಕೂಸಿಗೆ ಏನೂ ತಿಳಿಯದು. ಆದರೆ ಓಣಿಯ ಹತ್ತು ಹದಿನೈದು ಹೆಂಗಸರಿಗೆ ಆ ಹೆಸರು ಗೊತ್ತಾಯಿತು, ನಾಳೆಯಿಂದ ಅವರು ಕರೆಯುತ್ತಾರೆ. ಹೆಸರು ಬರೆಸಿಕೊಳ್ಳಲು ಸರ್ಕಾರಕ್ಕೂ ಅವಸರವಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಹೆಸರಿಲ್ಲದೆಯೇ ಹುಟ್ಟನ್ನು ಬರೆಸಿ, ಹೆಸರನ್ನು ಆಮೇಲೆ ಸೇರಿಸಲು ದಾರಿಯಿದೆ.

ಇಟ್ಟ ಹೆಸರುಗಳೋ, ಬಹುಪಾಲು ಹರಕೆಯವು. ತುಂಗಭದ್ರೆಯ ದಂಡೆಯ ಹುಲಿಗಿಯ ಅಮ್ಮನಿಗೆ ಬೇಡಿಕೊಂಡು ಹುಟ್ಟಿದವರು ಹುಲಿಗೆಮ್ಮ, ಹುಲಿಗೆಪ್ಪ. ಕೊಪ್ಪಳದ ಗವಿಮಠಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ಗವಿಸಿದ್ಧಪ್ಪ, ಕನಕಗಿರಿಯ ಕಡೆ ಕನಕಪ್ಪ, ಕನಕಮ್ಮ. ನವಲಗುಂದದ ಹತ್ತಿರದ ಯಮನೂರಿನ ದರ್ಗಾಕ್ಕೆ ಬೇಡಿಕೊಂಡರೆ ಹಿಂದೂ ಮನೆಯಲ್ಲಿ ಯಮನೂರಪ್ಪ, ಮುಸಲ್ಮಾನರ ಮನೆಯಲ್ಲಿ ಯಮನೂರಸಾಬ. ಮೊಹರಂ ಅಲಾಯಿ ದೇವರ ಹರಕೆಯಿಂದ ಬಂದವನು ಹುಸೇನಪ್ಪ. ವೃತ್ತಿರಂಗಭೂಮಿಯ ನಟಿ ಕುಕನೂರಿನ ರೆಹಮಾನವ್ವ ಅವರ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿನೋಡಿ: ರೆಹಮಾನನೂ ಅದರಲ್ಲಿದ್ದಾನೆ, ಅವ್ವನೂ ಇದ್ದಾಳೆ, ಊರೂ ಇದೆ. ಹೆಸರು ಕೇಳಿ ಧರ್ಮ ಹೇಳಲು ಹೊರಟ ಈಗಿನ ಹುಡುಗರು ನಮ್ಮ ಕಡೆಯ ಮತದಾರರ ಪಟ್ಟಿ ಓದಿದರೆ ತಬ್ಬಿಬ್ಬಾಗುತ್ತಾರೆ.

ಇನ್ನೊಂದು ಜಾತಿಯ ಹೆಸರುಗಳಿವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸಿಗೆ ತಿಪ್ಪಣ್ಣ, ತಿಪ್ಪವ್ವ, ಕಲ್ಲಪ್ಪ, ಹುಚ್ಚಪ್ಪ ಎಂದು ಇಟ್ಟುಬಿಡುತ್ತಿದ್ದರು. ಕಸವೆಂದು ಕರೆದರೆ ಸಾವಿನ ಕಣ್ಣು ಬೀಳದು ಎಂಬ ಲೆಕ್ಕ. ಸಾಲುಸಾಲಾಗಿ ಹೆಣ್ಣೇ ಹುಟ್ಟಿದರೆ ಸಾಕವ್ವ. ತಿಪ್ಪಣ್ಣನ ಹೆಸರಲ್ಲಿ ಅಡಗಿರುವುದು ಅವ್ವನ ಭಯ ಮತ್ತು ಪ್ರೀತಿ. ಸಾಕವ್ವನ ಹೆಸರಲ್ಲಿ ಅಪ್ಪನ ಬೇಸರ. ಮೊದಲನೆಯದನ್ನು ಹೊತ್ತು ತಿರುಗುವುದು ಸುಲಭ, ಎರಡನೆಯದು ಜೀವನವಿಡೀ ಚುಚ್ಚುತ್ತದೆ. ಎರಡನ್ನೂ ‘ಜನಪದ ನಂಬಿಕೆ’ ಎಂದು ಒಂದೇ ಪಟ್ಟಿಯಲ್ಲಿ ಹಾಕುವ ಪುಸ್ತಕಗಳ ಬಗ್ಗೆ ನನಗೆ ತಕರಾರಿದೆ.

ಒಂದೇ ದೇವರ ಹೆಸರು ಸಾವಿರ ಜನಕ್ಕಿದ್ದರೆ ಅದರಿಂದ ಒಬ್ಬರ ಗುರುತು ಹೇಗೆ ಹತ್ತಬೇಕು? ಹುಲಿಗಿ ಜಾತ್ರೆಯಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಕಳೆದುಹೋಗಿದ್ದಾಳೆ ಎಂದು ಮೈಕಿನಲ್ಲಿ ಕೂಗಿದರೆ ಯಾರನ್ನು ಹುಡುಕುವುದು! ಅದಕ್ಕೇ ಅಪ್ಪನ ಹೆಸರು, ಊರು, ಅಡ್ಡಹೆಸರು ಬೇಕು. ಕಿನ್ನಾಳದ ಕಟ್ಟಿಗೆ ಗೊಂಬೆ ಮಾಡುವವರಿಗೆ ಕಸುಬೇ ಅಡ್ಡಹೆಸರು, ಅವರು ಚಿತ್ರಗಾರರು. ಯಲಬುರ್ಗಾ ಕಡೆ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಎಂಬ ಅಡ್ಡಹೆಸರಿನವರಿದ್ದಾರೆ. 1952ರ ಮೊದಲ ಚುನಾವಣೆಯಲ್ಲಿ ಕುಷ್ಟಗಿಯಿಂದ ಲೋಕಸಭೆಗೆ ಹೋದ ಶಿವಮೂರ್ತಿಸ್ವಾಮಿಗಳನ್ನು ಜನ ಇವತ್ತಿಗೂ ನೆನೆಯುವುದು ಅಳವಂಡಿ ಎಂಬ ಊರ ಹೆಸರು ಸೇರಿಸಿಯೇ.

ಈಗ ಯುಬಾಬಳ ವಿಷಯಕ್ಕೆ ಬರೋಣ. ಸ್ನಾನಗೃಹದ ಒಡತಿಯ ಹೆಸರು ಅದು. ಅವಳು ಚಿಹಿರೊಳ ಹೆಸರನ್ನು ಪೂರ್ತಿ ಕಸಿಯುವುದಿಲ್ಲ, ಕತ್ತರಿಸುತ್ತಾಳೆ. ಕತ್ತರಿಸಿ ಉಳಿದ ತುಂಡಿನಿಂದ ಕರೆಯುತ್ತಾಳೆ. ನಮ್ಮ ಹಳ್ಳಿಗಳಲ್ಲಿ ಈ ಕತ್ತರಿ ಬಹಳ ಹಳೆಯದು. ಗೌಡರ ಮನೆಯಲ್ಲಿ ಹುಟ್ಟಿದವನು ಹನುಮಪ್ಪನೋ ಹನುಮನಗೌಡನೋ ಆದರೆ ಕೇರಿಯಲ್ಲಿ ಅದೇ ದೇವರ ಹರಕೆಯಿಂದ ಹುಟ್ಟಿದವನು ಹನುಮ್ಯಾ. ಯಲ್ಲಪ್ಪ ಯಲ್ಲ್ಯಾ ಆದ, ದುರುಗಪ್ಪ ದುರುಗ್ಯಾ ಆದ. ಮನೆಯಲ್ಲಿ ಅವ್ವ ಇಟ್ಟದ್ದು ‘ಅಪ್ಪ’ ಸೇರಿಸಿಯೇ. ಊರ ಕಟ್ಟೆಗೆ ಬಂದಾಗ ಅದು ಉದುರಿಬೀಳುತ್ತಿತ್ತು, ಕೂದಲು ನರೆತ ಮೇಲೂ. ಹತ್ತು ವರ್ಷದ ಗೌಡರ ಹುಡುಗ ಅರವತ್ತು ವರ್ಷದ ಆಳನ್ನು ಹಾಗೆ ಕೂಗಿದರೆ ಯಾರಿಗೂ ಅಸಹಜ ಅನ್ನಿಸುತ್ತಿರಲಿಲ್ಲ. ಆದ್ದರಿಂದಲೇ ದಲಿತ ಚಳವಳಿಯ ಗಾಳಿ ಈ ಕಡೆ ಬೀಸಿದಾಗ ಮೊದಲು ಬದಲಾದದ್ದರಲ್ಲಿ ಹೆಸರೂ ಒಂದು. ಗೌತಮ, ಸಿದ್ಧಾರ್ಥ, ಭೀಮೇಶ ಎಂದು ಮಕ್ಕಳಿಗಿಟ್ಟರು: ಕತ್ತರಿಸಲು ಬಾಲವೇ ಇಲ್ಲದ ಹೆಸರುಗಳು. ನಗರದವರು ಇದನ್ನು ಫ್ಯಾಷನ್ ಅಂದುಕೊಂಡರು.

ಕುಷ್ಟಗಿ, ಯಲಬುರ್ಗಾದ ಒಣಭೂಮಿಯಿಂದ ಗುಳೆ ಹೋಗುವವರ ಕಥೆಯೂ ಇದಕ್ಕೆ ಹತ್ತಿರದ್ದು. ಮುಂಗಡ ತೆಗೆದುಕೊಂಡು ಬೆಂಗಳೂರಿಗೋ ಮಂಗಳೂರಿಗೋ ಗೋವೆಗೋ ಹೋದ ಮೇಲೆ ಮೇಸ್ತ್ರಿಯ ಪುಸ್ತಕದಲ್ಲಿ ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು ಎಂಬ ಲೆಕ್ಕ. ಕಟ್ಟಡದ ಮಾಲೀಕನಿಗೆ ಅವರೆಲ್ಲ ಒಟ್ಟಾಗಿ ‘ಉತ್ತರ ಕರ್ನಾಟಕದವರು’. ಅಪ್ಪ ಅವ್ವನ ಸಾಲ ತೀರುವ ತನಕ ದುಡಿಯಲು ಹೋದ ಹುಡುಗಿಗೆ ಮಿಯಾಝಾಕಿಯ ಸ್ನಾನಗೃಹವನ್ನು ವಿವರಿಸಿ ಹೇಳಬೇಕಾಗಿಲ್ಲ. ಚಿತ್ರದಲ್ಲಿ ಅಪ್ಪ ಅವ್ವ ಹಂದಿಗಳಾಗಿರುತ್ತಾರೆ ಎಂಬುದೊಂದೇ ವ್ಯತ್ಯಾಸ.

ಶಾಲೆಯ ಕತ್ತರಿ ಮೃದು, ಅದು ಹೊಲಿಯಲೂ ಬಲ್ಲದು. ದಾಖಲಾತಿ ಮಾಡಿಕೊಂಡ ಮಾಸ್ತರರು ಯಂಕಪ್ಪನನ್ನು ವೆಂಕಟೇಶ ಮಾಡಿದರು, ಮಲ್ಲಪ್ಪನನ್ನು ಮಲ್ಲಿಕಾರ್ಜುನ, ದುರುಗಪ್ಪನನ್ನು ದುರ್ಗೇಶ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜೂನ್ 1. ಉದ್ದೇಶ ಒಳ್ಳೆಯದೇ, ಹುಡುಗ ಮುಂದೆ ಆಫೀಸಿನಲ್ಲಿ ಕೂತಾಗ ನಾಚಿಕೆಯಾಗಬಾರದು. ಪರಿಣಾಮ ಮಾತ್ರ ನೋಟರಿಗಳಿಗೆ ಅನುಕೂಲವಾಯಿತು. ಪಹಣಿಯಲ್ಲಿ ಯಂಕಪ್ಪ, ಅಂಕಪಟ್ಟಿಯಲ್ಲಿ ವೆಂಕಟೇಶ, ಆಧಾರ್‌ನಲ್ಲಿ ಇಂಗ್ಲಿಷಿನ ಯಾವುದೋ ಕಾಗುಣಿತ, ಬ್ಯಾಂಕಿನಲ್ಲಿ ಇನ್ನೊಂದು. ಬೆಳೆ ಪರಿಹಾರವೋ ಪಿಂಚಣಿಯೋ ಬಂದಾಗ, ಈ ಎಲ್ಲ ಹೆಸರಿನ ವ್ಯಕ್ತಿಯೂ ನಾನೊಬ್ಬನೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕು. ನಿಜಾಮರ ಕಾಲದಿಂದ ಉಳಿದುಬಂದ ‘ಉರ್ಫ್’ ಎಂಬ ಪುಟ್ಟ ಪದ ಇಲ್ಲದಿದ್ದರೆ ನಮ್ಮ ತಹಸೀಲ್ದಾರ್ ಕಚೇರಿಗಳು ಒಂದು ದಿನವೂ ನಡೆಯಲಾರವು.

ದಾಖಲೆಯಲ್ಲಿ ಹೆಸರು ಕಾಣೆಯಾಗುವುದು ಬಡವರಿಗೆ ಮಾತ್ರ ಅಂತಲ್ಲ. ಕೊಪ್ಪಳದ ಗವಿಮಠದ ಗುಡ್ಡದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಹೊರ ಜಗತ್ತಿಗೆ ಗೊತ್ತಾದದ್ದು 1931ರಲ್ಲಿ. ಎರಡರಲ್ಲೂ ಅಶೋಕ ಎಂಬ ಹೆಸರಿಲ್ಲ, ಇರುವುದು ದೇವಾನಾಂಪ್ರಿಯ ಎಂಬ ಬಿರುದು. ದೇಶದ ತುಂಬ ಬಂಡೆ, ಕಂಬಗಳ ಮೇಲೆ ಬರೆಸಿದ ದೊರೆ ತನ್ನ ಸ್ವಂತ ಹೆಸರನ್ನು ಬಿಟ್ಟುಕೊಟ್ಟದ್ದು ಬೆರಳೆಣಿಕೆಯ ಕಡೆ. ಅವುಗಳಲ್ಲಿ ಮೊದಲು ಸಿಕ್ಕಿದ್ದು ಕುಷ್ಟಗಿ, ಗಂಗಾವತಿಗಳ ಆಚೆ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಆ ಬಂಡೆ ಬಿತ್ತು. ಆಮೇಲೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಂ ಶಾಸನಗಳಲ್ಲೂ ಹೆಸರು ಸಿಕ್ಕಿತು. ದೇವಾನಾಂಪ್ರಿಯನೇ ಅಶೋಕ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಊಹಿಸಿದ್ದು ಮಸ್ಕಿಯ ಬಂಡೆಯಿಂದ ಗಟ್ಟಿಯಾಯಿತು. ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ದೊರೆಯ ನಿಜನಾಮವನ್ನು ಕಾಯ್ದುಕೊಂಡದ್ದು ಪಾಟಲಿಪುತ್ರವಲ್ಲ, ನಮ್ಮ ಕಡೆಯ ಬಂಡೆಗಲ್ಲು.

ಹೊಳೆಯ ಮಾತೂ ಇದೆ. ಹಾಕುವಿನ ಹೊಳೆಯನ್ನು ಮುಚ್ಚಿ ಮೇಲೆ ಮನೆಗಳನ್ನು ಕಟ್ಟಿದ್ದಾರೆ, ಹಾಗಾಗಿ ಅವನಿಗೆ ವಾಪಸು ಹೋಗಲು ಜಾಗವಿಲ್ಲ. ನಮ್ಮಲ್ಲಿ ತಿರುವುಮುರುವು. 1953ರ ಹೊತ್ತಿಗೆ ತುಂಗಭದ್ರೆಗೆ ಅಣೆಕಟ್ಟು ಬಂತು, ಮನೆಗಳ ಮೇಲೆ ಹೊಳೆ ಬಂತು. ಎದ್ದುಹೋದ ಜನ ಹೆಸರನ್ನು ಮಾತ್ರ ಹೊತ್ತು ತಂದರು. ಜಲಾಶಯದ ಆಸುಪಾಸಿನಲ್ಲಿ ಹೊಸ ಲಿಂಗಾಪುರ, ಹೊಸ ಬಂಡಿಹರ್ಲಾಪುರ ಎಂಬಂಥ ಊರುಗಳನ್ನು ಕಾಣಬಹುದು. ಕೆಳಗೆ ಕಾಲುವೆಯ ನೀರು ಹರಿದ ಗಂಗಾವತಿ ಸೀಮೆಗೆ ಆಂಧ್ರದಿಂದ ರೈತರು ಬಂದು ನೆಲೆಸಿದರು. ಅವರ ವಸತಿಗಳು ಕ್ಯಾಂಪುಗಳು, ಅವರು ಕ್ಯಾಂಪಿನವರು. ಇಲ್ಲೇ ಹುಟ್ಟಿ ಕನ್ನಡ ಶಾಲೆಯಲ್ಲಿ ಕಲಿತ ಮೊಮ್ಮಕ್ಕಳಿಗೂ ಆ ಹೆಸರು ಅಂಟಿಕೊಂಡಿದೆ. ಇನ್ನು ಹೊಳೆಯ ಹಳೆಯ ಹೆಸರು ಪಂಪಾ. ಹೊಳೆಯಿಂದ ಅದು ಜಾರಿಹೋಯಿತು, ಆಚೆ ದಂಡೆಯ ಹಂಪಿಯಲ್ಲೂ ಈಚೆ ದಂಡೆಯ ಪಂಪಾ ಸರೋವರದಲ್ಲೂ ಉಳಿಯಿತು.

ಹಳೆಯ ಹೆಸರನ್ನು ಬೇಕೆಂದೇ ಬಿಡುವವರೂ ಇದ್ದಾರೆ. ಆನೆಗೊಂದಿಯ ನವವೃಂದಾವನದಲ್ಲಿರುವ ವ್ಯಾಸರಾಯರಿಂದ ದೀಕ್ಷೆ ಪಡೆದು ಶ್ರೀನಿವಾಸ ನಾಯಕ ಪುರಂದರದಾಸರಾದರು ಎಂಬುದು ಪರಂಪರೆಯ ಮಾತು. ಮಠಗಳಲ್ಲಿ ಪಟ್ಟವಾದವರಿಗೆ ಪೂರ್ವಾಶ್ರಮದ ಹೆಸರು ಮುಗಿಯಿತು. ಯಲಬುರ್ಗಾ ಸೀಮೆಯ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ಐಎಎಸ್ ಅಧಿಕಾರಿಯಾಗಿ ಕಡತಗಳಿಗೆ ಒಂದು ಹೆಸರಿನಿಂದ ಸಹಿ ಮಾಡಿ, ಕವಿತೆಗೆ ಕಾವ್ಯಾನಂದ ಎಂದು ಬರೆದುಕೊಂಡರು. ಇವೆಲ್ಲ ಗೌರವದ ದಾರಿಗಳು, ಹೊಸ ಹೆಸರಿಗಾಗಿ ಇವರು ಯಾರೊಡನೆಯೂ ಜಗಳವಾಡಬೇಕಾಗಲಿಲ್ಲ.

ಮಂಜಮ್ಮ ಜೋಗತಿಯವರಿಗೆ ಆ ಅನುಕೂಲವಿರಲಿಲ್ಲ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಗಂಡು ಕೂಸಾಗಿ ಹುಟ್ಟಿ ಮಂಜುನಾಥನೆಂಬ ಹೆಸರು ಹೊತ್ತಿದ್ದವರು ಹದಿಹರೆಯಕ್ಕೆ ಬಂದಾಗ ತಾನು ಹೆಣ್ಣು ಎಂದು ಕಂಡುಕೊಂಡರು. ಮನೆಯವರು ಅವರನ್ನು ಕರೆತಂದದ್ದು ನಮ್ಮ ಹುಲಿಗಿಗೆ. ಅಮ್ಮನ ಮುಂದೆ ಉಡಿದಾರ ಹರಿದು, ಲಂಗ ರವಿಕೆ ತೊಡಿಸಿ, ಬಳೆ ಇಡಿಸಿದರು. ಒಂದು ಹೆಸರು ಅಲ್ಲಿ ಮುಗಿಯಿತು, ಇನ್ನೊಂದು ಹುಟ್ಟಿತು. ಆದರೆ ಹೆಸರು ಹುಟ್ಟಿದರೆ ಸಾಲದು, ಕರೆಯುವವರು ಬೇಕು. ಮನೆಯಲ್ಲಿ ಆ ಬಾಯಿ ಸಿಗಲಿಲ್ಲ. ಸಿಕ್ಕಿದ್ದು ಬೀದಿಯಲ್ಲಿ, ಭಿಕ್ಷೆಯಲ್ಲಿ, ಕೊನೆಗೆ ಜೋಗತಿ ನೃತ್ಯ ಕಲಿಸಿದ ಕಾಳವ್ವ ಜೋಗತಿಯ ತಂಡದಲ್ಲಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನದಲ್ಲಿ ಹೆಸರು ಕೂಗಿದಾಗ ಅವರು ರಾಷ್ಟ್ರಪತಿಗಳ ಮುಂದೆ ನಿಂತು ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ನೋಡಿತು. ಹರೆಯಕ್ಕೆ ಕಾಲಿಡುವ ಹೊತ್ತಿಗೆ ಹೆಸರಿಗಾಗಿ ಗುದ್ದಾಡಿದವರ ಕಥೆಯನ್ನು ಯಾರಾದರೂ ಕನ್ನಡದಲ್ಲಿ ಆನಿಮೇಷನ್ ಮಾಡುವುದಿದ್ದರೆ ಮಿಯಾಝಾಕಿಯ ಕಡೆ ನೋಡುವ ಮೊದಲು ಹುಲಿಗಿಯ ಕಡೆ ನೋಡಲಿ.

ಹೆಂಗಸರ ಹೆಸರಿನ ವಿಷಯ ಮಾತ್ರ ಹೀಗೆ ಗೆಲುವಿನಲ್ಲಿ ಮುಗಿಯುವುದು ಕಡಿಮೆ. ಗಂಡನ ಹೆಸರು ಹೇಳಬಾರದ ಕಾಲದಲ್ಲಿ ಒಡಪು ಕಟ್ಟಿ ಅದರೊಳಗೆ ಹೆಸರನ್ನು ಜಾಣತನದಿಂದ ಸೇರಿಸಿ ಹೇಳುತ್ತಿದ್ದರು. ಒಡಪಿನ ಚಂದವನ್ನು ಎಲ್ಲರೂ ಹೊಗಳುತ್ತಾರೆ. ಹೆಂಡತಿಯ ಹೆಸರನ್ನು ಸೇರಿಸಿ ಗಂಡ ಕಟ್ಟುವ ಒಡಪು ಮದುವೆಯ ದಿನದ ಚೇಷ್ಟೆಗೆ ಮುಗಿಯಿತು; ಉಳಿದ ದಿನಗಳಲ್ಲಿ ಅವಳು ‘ಏ’, ಇಲ್ಲವೆ ಮಗನ ಹೆಸರು ಹೇಳಿ ಅವನ ಅವ್ವ. ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿ ತವರಿನ ಹೆಸರನ್ನೇ ಅಳಿಸುವ ಮನೆಗಳೂ ಇದ್ದವು.

ಇವೆಲ್ಲಕ್ಕಿಂತ ಕಠಿಣವಾದದ್ದು ದೇವದಾಸಿಯರಾಗಿ ಮುತ್ತು ಕಟ್ಟಿಸಿಕೊಂಡವರ ಮಕ್ಕಳ ಪಾಡು. 1982ರ ಕಾಯ್ದೆ ದೇವದಾಸಿ ಬಿಡುವುದನ್ನು ಅಪರಾಧ ಮಾಡಿತು. ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಅದಕ್ಕೆ ಮೊದಲೂ ಆಮೇಲೂ ಹೀಗೆ ಬಸವಿ ಬಿಟ್ಟ ಹೆಂಗಸರಿದ್ದಾರೆ. ಅವರ ಮಕ್ಕಳು ಶಾಲೆಗೆ ಬಂದಾಗ ಅರ್ಜಿಯಲ್ಲಿ ತಂದೆಯ ಹೆಸರು ಎಂಬ ಅಂಕಣ ಎದುರಾಗುತ್ತದೆ. ಕೆಲವರು ಅವ್ವನ ಹೆಸರು ಬರೆಸಿದರು, ಕೆಲವರು ಸೋದರಮಾವನದು, ಕೆಲವರು ದೇವರದು. ಅಪ್ಪ ಯಾರೆಂದು ಹಲವು ಕಡೆ ಊರಿಗೇ ಗೊತ್ತು. ಅವನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಹನುಮಂತನಿಗೆ ನೀನು ಇಂಥವನ ಮಗ ಎಂದು ಹೇಳಲು ಒಬ್ಬ ಜಾಂಬವಂತನಿದ್ದ. ಈ ಮಕ್ಕಳ ವಿಷಯದಲ್ಲಿ ಊರಿನ ಜಾಂಬವಂತರೆಲ್ಲ ಸುಮ್ಮನಿದ್ದರು.

2025ರಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆ ಎರಡು ದಿಕ್ಕಿನಿಂದ ಈ ಗಂಟನ್ನು ಬಿಚ್ಚಲು ನೋಡಿದೆ. ಬೇಕೆಂದ ಮಗುವಿಗೆ ತಂದೆಯನ್ನು ಗುರುತಿಸಿಕೊಡಿ ಎಂದು ಕೇಳುವ ಹಕ್ಕು ಒಂದು. ಬೇಡವೆಂದವರಿಗೆ ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯದಿಂದ ಬಿಡುಗಡೆ ಇನ್ನೊಂದು. ಮೊದಲನೆಯದಕ್ಕೆ ಊರು ಬಾಯಿಬಿಡಬೇಕು, ಅಪ್ಪ ಅನ್ನಿಸಿಕೊಳ್ಳಬೇಕಾದವನ ಮನೆಯವರು ಎದುರು ನಿಲ್ಲುತ್ತಾರೆ, ವ್ಯಾಜ್ಯ ವರ್ಷಗಟ್ಟಲೆ ಎಳೆಯಬಹುದು. ಎರಡನೆಯದಕ್ಕೆ ಅಷ್ಟೆಲ್ಲ ಬೇಡ. ಅರ್ಜಿ ಅಚ್ಚು ಹಾಕಿಸುವವರು ಒಂದು ಗೆರೆ ತೆಗೆದರೆ ಸಾಕು, ಅದನ್ನು ತುಂಬಿಸಿಕೊಳ್ಳುವ ಗುಮಾಸ್ತ ಆ ಪ್ರಶ್ನೆಯನ್ನು ಬಾಯಿಮಾತಿನಲ್ಲಿ ಕೇಳದಿದ್ದರೆ ಸಾಕು. ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಜೂನ್ ತಿಂಗಳಲ್ಲಿ ಶಾಲೆಯ ದಾಖಲಾತಿ ಅರ್ಜಿಯೊಂದನ್ನು ಕೈಗೆ ತೆಗೆದುಕೊಂಡು ನೋಡಿದರೆ ಆ ಕೆಲಸ ಆಗಿದೆಯೋ ಇಲ್ಲವೋ ತಿಳಿಯುತ್ತದೆ.